ಪಾರಿಜಾತದ ಗಿಡ ಯಾರ ಅಂಗಳದ್ದು?

ಕನ್ನಡದಲ್ಲಿ ಮಕ್ಕಳು ಬೀದಿಯಲ್ಲಿ ಆಡುವುದೂ ಆಟ, ಜಾತ್ರೆಯ ರಾತ್ರಿ ಕಲಾವಿದರು ಬಣ್ಣ ಹಚ್ಚಿಕೊಂಡು ಆಡುವುದೂ ಆಟ. ದೊಡ್ಡಾಟ, ಸಣ್ಣಾಟ, ಬಯಲಾಟ ಎನ್ನುವಾಗ ನಾವು ರಂಗಭೂಮಿಯ ಮಾತು ಹೇಳುತ್ತಿರುತ್ತೇವೆ. ಹುಲಿಕುರಿ ಆಟ, ಪಗಡೆಯಾಟ ಎನ್ನುವಾಗ ಗೆರೆ ಎಳೆದು ಕಾಯಿ ನಡೆಸುವ ಮಾತು. ‘ಆಡು’ ಎಂಬ ಕ್ರಿಯಾಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾವು ಮಾತನ್ನೂ ಆಡುತ್ತೇವೆ. ನಾಟಕ, ಕ್ರೀಡೆ, ಮಾತು ಮೂರನ್ನೂ ಒಂದೇ ಪದದಲ್ಲಿ ಹಿಡಿದಿಟ್ಟ ಭಾಷೆಗೆ ಆ ಮೂರೂ ಬೆರೆತ ಆಟವೊಂದು ಅಪರಿಚಿತವಾಗಿರಲಾರದು.

ಹಾಗೆ ಬೆರೆತ ಆಟವನ್ನು ಇವತ್ತು ಜಗತ್ತು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದು ಕರೆಯುತ್ತದೆ. ಹೆಸರು ಉದ್ದವಾದ್ದರಿಂದ ನಾನಿಲ್ಲಿ ಪಾತ್ರದಾಟ ಎನ್ನುತ್ತೇನೆ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆಯ ಸೂತ್ರ ಹಿಡಿಯುತ್ತಾರೆ: ಊರು ಹೇಗಿದೆ, ಬಾಗಿಲಲ್ಲಿ ಯಾರು ನಿಂತಿದ್ದಾರೆ, ಏನು ಸದ್ದು ಕೇಳಿಸಿತು ಎಂದು ಹೇಳುವವರು ಅವರು. ಉಳಿದವರು ಒಂದೊಂದು ಪಾತ್ರ ತೆಗೆದುಕೊಂಡು ಆ ಪಾತ್ರದ ಬಾಯಲ್ಲಿ ಮಾತಾಡುತ್ತಾರೆ. ಸಂದೇಹದ ಘಟ್ಟ ಬಂದಾಗ ದಾಳ ಉರುಳುತ್ತದೆ. ಬರೆದಿಟ್ಟ ಸಂಭಾಷಣೆ ಇಲ್ಲ, ಪ್ರೇಕ್ಷಕರೂ ಇಲ್ಲ, ಆಡುವವರೇ ಕೇಳುವವರು. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಹೆಸರಿನಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಇಂಥ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟವಾದದ್ದು.

ಈ ಆಟದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ಘಟಪ್ರಭೆಯ ಸೀಮೆ ನೆನಪಾಯಿತು. ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟನ್ನು ದಾಟಿ, ಗೋಕಾಕದ ಬಳಿ 52 ಮೀಟರ್ ಕೆಳಕ್ಕೆ ಧುಮುಕಿ, ಮೂಡಲಗಿಯ ಕಡೆಗೆ ಹರಿಯುವ ಆ ಹೊಳೆಯ ಅಕ್ಕಪಕ್ಕದಲ್ಲಿ ಆಟದ ಒಡೆತನದ ಪ್ರಶ್ನೆ ಬಹಳ ಹಿಂದೆಯೇ ಎದ್ದಿತ್ತು. ಅಲ್ಲಿಯ ಜನ ಅದಕ್ಕೆ ತಮ್ಮದೇ ಉತ್ತರವನ್ನೂ ಕೊಟ್ಟುಕೊಂಡಿದ್ದರು. ಆ ಉತ್ತರದಲ್ಲಿ ಏನು ಸರಿಯಾಗಿತ್ತು, ಏನು ಬಿಟ್ಟುಹೋಗಿತ್ತು ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ನಾನು ಹೇಳುತ್ತಿರುವುದು ಶ್ರೀಕೃಷ್ಣ ಪಾರಿಜಾತದ ಬಗ್ಗೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಹಳ್ಳಿಗಳಲ್ಲಿ ‘ಪಾರಿಜಾತ’ ಎಂದರೆ ಸಾಕು, ಯಾವ ಆಟ ಎಂದು ಯಾರೂ ಕೇಳುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು. ನಾರದ ದೇವಲೋಕದ ಹೂವೊಂದನ್ನು ತಂದು ಕೃಷ್ಣನ ಕೈಗೆ ಕೊಡುತ್ತಾನೆ. ಅದು ರುಕ್ಮಿಣಿಯ ಮುಡಿಗೆ ಹೋಗುತ್ತದೆ. ಸತ್ಯಭಾಮೆಗೆ ಸಿಟ್ಟು ಬರುತ್ತದೆ. ಕೃಷ್ಣ ಅವಳನ್ನು ರಮಿಸಬೇಕಾಗುತ್ತದೆ. ಇಷ್ಟೇ. ಈ ಇಷ್ಟನ್ನು ಜನ ರಾತ್ರಿಯಿಡೀ ಕೂತು ನೋಡುತ್ತಾರೆ. ಮುಂದೇನಾಗುತ್ತದೆ ಎಂಬ ಕುತೂಹಲಕ್ಕೆ ಯಾರೂ ಬಂದಿರುವುದಿಲ್ಲ. ಇವತ್ತಿನ ಭಾಮೆ ಇವತ್ತಿನ ಕೃಷ್ಣನಿಗೆ ಏನು ಅನ್ನುತ್ತಾಳೆ, ಅವನು ಹೇಗೆ ತಪ್ಪಿಸಿಕೊಳ್ಳುತ್ತಾನೆ ಎಂಬುದನ್ನು ಕೇಳಲು ಬಂದಿರುತ್ತಾರೆ.

ಪಾರಿಜಾತದ ಕಟ್ಟು ಹೀಗಿದೆ. ಹಾಡುಗಳು ಮೊದಲೇ ನಿಂತವು. ಅವುಗಳ ಕ್ರಮವೂ ಹೆಚ್ಚುಕಡಿಮೆ ನಿಂತದ್ದು. ಗೊಲ್ಲತಿಯ ಪ್ರಸಂಗ, ಕೊರವಂಜಿಯ ಪ್ರಸಂಗ, ಭಾಮೆಯ ಮುನಿಸು ಇವು ಮೈಲಿಗಲ್ಲುಗಳ ಹಾಗೆ. ಒಂದು ಹಾಡಿನಿಂದ ಇನ್ನೊಂದು ಹಾಡಿಗೆ ಹೋಗುವ ದಾರಿ ಮಾತ್ರ ಬಯಲು. ಅಲ್ಲಿ ಮಾತು ಆ ಕ್ಷಣದಲ್ಲಿ ಹುಟ್ಟಬೇಕು. ಆ ಮಾತನ್ನು ಹುಟ್ಟಿಸುವ ಕೆಲಸದಲ್ಲಿ ಭಾಗವತನದು ಮತ್ತು ದೂತಿ ಎಂಬ ಪಾತ್ರದ್ದು ದೊಡ್ಡ ಪಾಲು. ದೂತಿ ದ್ವಾರಕೆಯಲ್ಲಿಯೂ ಇರುತ್ತಾಳೆ, ಗೋಕಾಕದ ಸಂತೆಯಲ್ಲಿಯೂ ಇರುತ್ತಾಳೆ. ಕೃಷ್ಣನನ್ನು ಅಡ್ಡ ಹಾಕಿ ಪ್ರಶ್ನೆ ಕೇಳುತ್ತಾಳೆ, ಭಾಮೆಯ ಪರವಾಗಿ ವಕಾಲತ್ತು ವಹಿಸುತ್ತಾಳೆ, ನಡುವೆ ಈ ವರ್ಷದ ಮಳೆಯ ಮಾತನ್ನೂ ಕಬ್ಬಿನ ಬಿಲ್ಲಿನ ಮಾತನ್ನೂ ಎಳೆದು ತರುತ್ತಾಳೆ. ಅವಳು ಎಸೆದ ಮಾತಿಗೆ ಕೃಷ್ಣನ ಪಾತ್ರಧಾರಿ ಪಾತ್ರ ಬಿಡದೆ ಉತ್ತರ ಕೊಡಬೇಕು. ಕೊಡದಿದ್ದರೆ ಆಟ ಅಲ್ಲಿಯೇ ಬಿದ್ದುಹೋಗುತ್ತದೆ.

ಮೇಜಿನ ಸುತ್ತ ಕೂತು ಪಾತ್ರದಾಟ ಆಡಿದ ಯಾರಿಗಾದರೂ ಇದು ಪರಿಚಿತ ಎನಿಸಬೇಕು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಪಾರಿಜಾತದಲ್ಲಿ ದಾಳ ಇಲ್ಲ, ಕೊನೆ ಮೊದಲೇ ಗೊತ್ತು, ಎದುರಿಗೆ ಪ್ರೇಕ್ಷಕರಿದ್ದಾರೆ. ಆದರೆ ಎರಡಕ್ಕೂ ಮೂರು ಪದರಗಳಿವೆ. ಮೊದಲನೆಯದು ನಿಯಮ: ಯಾರು ಯಾವಾಗ ಮಾತಾಡಬೇಕು, ಯಾವುದು ನಿಂತದ್ದು, ಯಾವುದು ಬಯಲು. ಎರಡನೆಯದು ಲೋಕ: ಕಥೆ ನಡೆಯುವ ಊರು, ಅಲ್ಲಿಯ ಜನ, ಅವರ ಹೆಸರು, ಅವರ ಹಿಂದಿನ ಜಗಳಗಳು. ಮೂರನೆಯದು ಆ ರಾತ್ರಿ ಆಡಿದ ಮಾತು. ಆಟದ ಒಡೆಯ ಯಾರು ಎಂದು ಕೇಳುವ ಮೊದಲು ಯಾವ ಪದರದ ಒಡೆಯ ಎಂದು ಕೇಳಬೇಕು. ಮೂರಕ್ಕೂ ಉತ್ತರ ಬೇರೆ ಬೇರೆ.

ನಿಯಮದಿಂದಲೇ ಶುರು ಮಾಡೋಣ. ಹುಲಿಕುರಿ ಆಟವನ್ನೋ ಚೌಕಾಬಾರವನ್ನೋ ಕಂಡುಹಿಡಿದವರು ಯಾರು ಎಂದು ಯಾವ ಅಜ್ಜಿಯೂ ಹೇಳಲಾರಳು. ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಗೆರೆಗಳಿವೆ, ಮನೆಮನೆಗೂ ಒಂದಿಷ್ಟು ಬೇರೆಯಾದ ನಿಯಮಗಳಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಇಂಥ ಆಟಗಳನ್ನು ದಾಖಲಿಸಿದರು. ಅರಮನೆ ದಾಖಲಿಸಿತು ಎಂದು ಆಟ ಅರಮನೆಯದಾಗಲಿಲ್ಲ. ಕಾನೂನು ಕೂಡ ಹೆಚ್ಚುಕಡಿಮೆ ಇದೇ ಮಾತನ್ನು ಹೇಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು 1879ರಲ್ಲಿ ಲೆಕ್ಕಪತ್ರದ ಪದ್ಧತಿಯೊಂದರ ವ್ಯಾಜ್ಯದಲ್ಲಿ ತೀರ್ಪು ಕೊಟ್ಟಿತು: ಪದ್ಧತಿಯನ್ನು ವಿವರಿಸುವ ಪುಸ್ತಕಕ್ಕೆ ಕೃತಿಸ್ವಾಮ್ಯ ಉಂಟು, ಪದ್ಧತಿಗೆ ಇಲ್ಲ. ಆಟದ ನಿಯಮಗಳಿಗೂ ಇದೇ ತರ್ಕ ಅನ್ವಯಿಸುತ್ತದೆ. ನಿಯಮವನ್ನು ನೀವು ನಿಮ್ಮ ಮಾತಿನಲ್ಲಿ ಬರೆದರೆ ಅದು ಕದ್ದದ್ದಾಗುವುದಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ತೀರ್ಪು ಬಂದದ್ದು ಒಂದು ನಾಟಕದ ಕಾರಣದಿಂದಲೇ. ಆರ್. ಜಿ. ಆನಂದ್ ಎಂಬ ನಾಟಕಕಾರರು ‘ಹಮ್ ಹಿಂದೂಸ್ತಾನಿ’ ಎಂಬ ನಾಟಕ ಬರೆದಿದ್ದರು. 1956ರ ‘ನ್ಯೂ ಡೆಲ್ಲಿ’ ಎಂಬ ಹಿಂದಿ ಸಿನಿಮಾ ತಮ್ಮ ನಾಟಕದ ನಕಲು ಎಂದು ಅವರು ನ್ಯಾಯಾಲಯಕ್ಕೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟು ಅವರ ವಾದವನ್ನು ಒಪ್ಪಲಿಲ್ಲ. ಒಂದು ಕಲ್ಪನೆ, ಒಂದು ವಸ್ತು, ಒಂದು ಕಥೆಯ ಎಳೆ, ಪುರಾಣದ ಸಂಗತಿ ಇವುಗಳ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ. ಅದನ್ನು ಹೇಳಿದ ರೀತಿಗೆ ಮಾತ್ರ ಉಂಟು ಎಂಬುದು ಆ ತೀರ್ಪಿನ ತಿರುಳು. ಹಾಗೆ ನೋಡಿದರೆ ಪಾರಿಜಾತದ ಕಥೆ ಯಾರದೂ ಅಲ್ಲ. ಅದು ಸಂಸ್ಕೃತ ಪುರಾಣಗಳಲ್ಲಿದೆ, ಹಲವು ಭಾಷೆಗಳಲ್ಲಿದೆ.

ಲೋಕದ ವಿಚಾರ ಇಷ್ಟು ಸರಳವಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಮೊದಲ ಪುಸ್ತಕಗಳಲ್ಲಿ ಟೋಲ್ಕಿನ್ ಕಾದಂಬರಿಗಳ ಹಾಬಿಟ್ ಎಂಬ ಕುಳ್ಳ ಜನ ಇದ್ದರು. ಹಕ್ಕುದಾರರು ತಕರಾರು ತೆಗೆದ ಮೇಲೆ ಆ ಹೆಸರು ಹೋಗಿ ಹಾಫ್‌ಲಿಂಗ್ ಎಂಬ ಹೆಸರು ಬಂತು. ಜನ ಅದೇ, ಬರಿಗಾಲು ಅದೇ, ಹೆಸರು ಮಾತ್ರ ಬೇರೆ. ಅಂದರೆ ಆಟದ ನಿಯಮವನ್ನು ಯಾರು ಬೇಕಾದರೂ ಬಳಸಬಹುದಾಗಿದ್ದ ದಿನಗಳಲ್ಲಿಯೂ ಒಬ್ಬ ಲೇಖಕ ಕಟ್ಟಿದ ಲೋಕಕ್ಕೆ ಬೇಲಿ ಇತ್ತು. ಬೇರೆಯವರ ಬೇಲಿಗೆ ತಾಗಿ ಎಚ್ಚೆತ್ತ ಆ ಕಂಪನಿ ಮುಂದೆ ತನ್ನ ಸುತ್ತಲೂ ಬೇಲಿ ಹಾಕಿಕೊಂಡಿತು.

ಆ ಬೇಲಿಯಲ್ಲಿ ಒಂದು ಗೇಟು ತೆರೆದದ್ದು 2000ದಲ್ಲಿ. ಅಷ್ಟು ಹೊತ್ತಿಗೆ ಮೂಲ ಕಂಪನಿ ಟಿಎಸ್‌ಆರ್ ಸಾಲದಲ್ಲಿ ಮುಳುಗಿ, 1997ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪನಿಗೆ ಮಾರಾಟವಾಗಿತ್ತು. ಅಲ್ಲಿದ್ದ ರಯಾನ್ ಡ್ಯಾನ್ಸಿ ಮುಕ್ತ ಸಾಫ್ಟ್‌ವೇರ್ ಚಳವಳಿಯಿಂದ ಪ್ರೇರಣೆ ಪಡೆದು ಓಪನ್ ಗೇಮ್ ಲೈಸೆನ್ಸ್ ಎಂಬ ಒಪ್ಪಂದವನ್ನು ಮುಂದಿಟ್ಟರು. ಅದರ ಹಂಚಿಕೆ ಸ್ಪಷ್ಟವಾಗಿತ್ತು. ನಿಯಮಗಳ ಭಾಗ ಮುಕ್ತ: ಯಾರು ಬೇಕಾದರೂ ಬಳಸಿ, ಬದಲಿಸಿ, ಮಾರಿ, ಅದರಿಂದ ಬೆಳೆಸಿದ ನಿಯಮಗಳನ್ನೂ ಮುಕ್ತವಾಗಿಯೇ ಇಡಿ. ಲೋಕದ ಭಾಗ, ಅಂದರೆ ಹೆಸರುಗಳು, ಊರುಗಳು, ಕೆಲವು ವಿಶಿಷ್ಟ ರಾಕ್ಷಸರು, ಕಂಪನಿಯದೇ. ಈ ಗೇಟಿನ ಮೂಲಕ ನೂರಾರು ಸಣ್ಣ ಪ್ರಕಾಶಕರು ಒಳಗೆ ಬಂದರು. 2009ರಲ್ಲಿ ಪೈಜೋ ಎಂಬ ಕಂಪನಿ ಅದೇ ನಿಯಮಗಳ ಮೇಲೆ ‘ಪಾತ್‌ಫೈಂಡರ್’ ಎಂಬ ಆಟ ತಂದು, ಮೂಲಕ್ಕೇ ಸ್ಪರ್ಧೆ ಕೊಡುವಷ್ಟು ಬೆಳೆಯಿತು.

ಹಾಗೆ ತೆರೆದ ಗೇಟನ್ನು ಮುಚ್ಚುವ ಪ್ರಯತ್ನ ನಡೆದದ್ದು 2023ರ ಜನವರಿಯಲ್ಲಿ. ಹೊಸ ಲೈಸೆನ್ಸಿನ ಕರಡೊಂದು ಸೋರಿಕೆಯಾಗಿ ಬಹಿರಂಗವಾಯಿತು. ಹಳೆಯ ಒಪ್ಪಂದವನ್ನು ಇನ್ನು ಅಧಿಕೃತವಲ್ಲ ಎಂದು ಸಾರುವ ಮಾತು ಅದರಲ್ಲಿತ್ತು. ವರ್ಷಕ್ಕೆ ಏಳೂವರೆ ಲಕ್ಷ ಡಾಲರಿಗಿಂತ ಹೆಚ್ಚು ವ್ಯವಹಾರ ಮಾಡುವವರು ಆ ಮಿತಿ ಮೀರಿದ ಮೊತ್ತದ ಶೇಕಡಾ 25ರವರೆಗೆ ರಾಯಧನ ಕೊಡಬೇಕೆಂದೂ ಇತ್ತು. 20 ವರ್ಷಗಳಿಂದ ಆ ಮಾತನ್ನು ನಂಬಿ ಬದುಕು ಕಟ್ಟಿಕೊಂಡಿದ್ದ ಬರಹಗಾರರು, ಚಿತ್ರಕಾರರು, ಸಣ್ಣ ಪ್ರಕಾಶಕರು ದಂಗಾದರು. ಆಟಗಾರರು ಸಾಮೂಹಿಕವಾಗಿ ಚಂದಾ ರದ್ದು ಮಾಡಿದರು. ಕೊನೆಗೆ ಜನವರಿ 27ರಂದು ಕಂಪನಿ ಹಿಂದೆ ಸರಿಯಿತು. ಹಳೆಯ ಲೈಸೆನ್ಸನ್ನು ಮುಟ್ಟುವುದಿಲ್ಲ ಎಂದದ್ದಲ್ಲದೆ, ನಿಯಮಗಳ ಮೂಲಪಾಠವನ್ನು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಎಂಬ, ಮರಳಿ ಕಿತ್ತುಕೊಳ್ಳಲಾಗದ ಲೈಸೆನ್ಸಿನ ಅಡಿಯಲ್ಲಿ ಬಿಟ್ಟುಕೊಟ್ಟಿತು. ಅದರ ಮುಖ್ಯ ಷರತ್ತು ಒಂದೇ: ಬಳಸಿ, ಬದಲಿಸಿ, ಮಾರಿ, ಆದರೆ ಯಾರಿಂದ ಪಡೆದಿರೋ ಅವರ ಹೆಸರು ಹೇಳಿ.

ಹೆಸರು ಹೇಳಿ ಎಂಬ ಈ ಷರತ್ತಿನ ಬಳಿ ಬಂದಾಗ ನಾನು ಮತ್ತೆ ಗೋಕಾಕದ ಕಡೆ ತಿರುಗುತ್ತೇನೆ. ಪಾರಿಜಾತದ ಚರಿತ್ರೆಯಲ್ಲಿ ಮೂರು ಹೆಸರುಗಳು ಸಾಲಾಗಿ ಬರುತ್ತವೆ, ಮೂರಕ್ಕೂ ಊರು ಅಂಟಿಕೊಂಡಿದೆ. ಮೊದಲು ಹಾಡುಗಳನ್ನು ಕಟ್ಟಿದ ಅಪರಾಳ ತಮ್ಮಣ್ಣ. ಆಮೇಲೆ ಅದನ್ನು ಎತ್ತಿಕೊಂಡು, ಈ ಸೀಮೆಯ ಮಾತಿಗೆ ಹೊಂದಿಸಿ, ರಂಗದ ಮೇಲೆ ನಿಲ್ಲುವ ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣ. ಕುಲಗೋಡ ಹಿಂದೆ ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿನಲ್ಲಿದೆ. ಮೂರನೆಯವಳು ಕೌಜಲಗಿ ನಿಂಗಮ್ಮ. ಅದೇ ಸೀಮೆಯ ಕೌಜಲಗಿಯ ಈ ಕಲಾವಿದೆ ತನ್ನ ಮೇಳದೊಂದಿಗೆ ಪಾರಿಜಾತವನ್ನು ಊರೂರಿಗೆ ಒಯ್ದಳು. ಅಪರಾಳದವನ ಅನುಮತಿಯನ್ನು ಕುಲಗೋಡದವನು ಕೇಳಬೇಕಾಗಿರಲಿಲ್ಲ. ನಿಂಗಮ್ಮ ಯಾರಿಗೂ ರಾಯಧನ ಕಟ್ಟಬೇಕಾಗಿರಲಿಲ್ಲ. ಆದರೂ ಯಾರದು ಮೊದಲು, ಯಾರದು ಆಮೇಲೆ ಎಂಬ ನೆನಪು ಅಳಿಯಲಿಲ್ಲ.

ವಿಚಿತ್ರವೆಂದರೆ ಪಾತ್ರದಾಟದ ಚರಿತ್ರೆಯೂ ಇಂಥದೇ ಮೂರು ಕೈಗಳ ಕಥೆ. 1960ರ ದಶಕದ ಕೊನೆಗೆ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬಾತ ಯುದ್ಧದಾಟವೊಂದರಲ್ಲಿ ಆಟಗಾರರಿಗೆ ಸೈನ್ಯದ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರ ಕೊಟ್ಟ. ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಊರಿನಲ್ಲಿ ನಡೆದ ಆ ಆಟವನ್ನು ಆಡಿದವರಲ್ಲಿ ಆರ್ನೆಸನ್ ಒಬ್ಬ. ಅವನು ಅದೇ ದಾರಿಯಲ್ಲಿ ಬ್ಲ್ಯಾಕ್‌ಮೂರ್ ಎಂಬ ತನ್ನ ಲೋಕವನ್ನು ಕಟ್ಟಿದ. ಗೈಗ್ಯಾಕ್ಸ್ ಅದನ್ನು ನೋಡಿ, ನಿಯಮಗಳನ್ನು ಬರೆದು, ಅಚ್ಚು ಹಾಕಿಸಿದ. ಆಟ ದೊಡ್ಡದಾದ ಮೇಲೆ ಹೊಸ ಆವೃತ್ತಿಯ ಪುಸ್ತಕಗಳಲ್ಲಿ ಆರ್ನೆಸನ್ ಹೆಸರು ಮರೆಯಾಯಿತು. 1979ರಲ್ಲಿ ಅವನು ದಾವೆ ಹೂಡಿದ; 1981ರಲ್ಲಿ ರಾಜಿಯಾಗಿ ಸಹಕರ್ತೃ ಎಂಬ ಮನ್ನಣೆ ಉಳಿಯಿತು. ವೆಸ್ಲಿಯ ಹೆಸರು ಆಟದ ಚರಿತ್ರೆ ಓದುವವರಿಗಷ್ಟೇ ಗೊತ್ತು. ಅಲ್ಲಿ ಕೋರ್ಟಿಗೆ ಹೋಗಿ ಉಳಿಸಿಕೊಂಡದ್ದನ್ನು ಇಲ್ಲಿ ಊರ ಜನರ ಬಾಯಿ ಉಳಿಸಿಕೊಟ್ಟಿತು.

ಬಾಯಿಯ ಈ ನೆನಪಿಗೆ ಕನ್ನಡದಲ್ಲಿ ಒಂದು ಹಳೆಯ ಉಪಕರಣವಿದೆ: ಅಂಕಿತ. ಬಸವಣ್ಣನ ವಚನ ಕೂಡಲಸಂಗಮದೇವನಲ್ಲಿ ಮುಗಿಯುತ್ತದೆ, ಅಕ್ಕನದು ಚೆನ್ನಮಲ್ಲಿಕಾರ್ಜುನನಲ್ಲಿ, ಪುರಂದರದಾಸರ ಪದ ಪುರಂದರವಿಠಲನಲ್ಲಿ. ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನು, ಭೀಮಸೇನ ಜೋಶಿಯವರು ದಾಸರ ಪದಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದರು. ರಾಗ ಬದಲಿಸಬಹುದು, ತಾಳ ಬದಲಿಸಬಹುದು, ಕೆಲವು ಸಾಲು ಬಿಡಬಹುದು, ಅಂಕಿತವನ್ನು ಬಿಡುವಂತಿಲ್ಲ. ಯಾರೂ ಸಹಿ ಹಾಕದ, ಯಾವ ವಕೀಲರೂ ಬರೆಯದ ಈ ಕರಾರು ಶತಮಾನಗಳ ಕಾಲ ನಡೆದುಬಂದಿದೆ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸನ್ನು ನಾನು ವಿದ್ಯಾರ್ಥಿ ಗೆಳೆಯರಿಗೆ ವಿವರಿಸುವಾಗ ಇದನ್ನೇ ಉದಾಹರಣೆ ಕೊಡುತ್ತೇನೆ. ಅಂಕಿತ ಉಳಿಸಿ, ಉಳಿದದ್ದು ನಿಮ್ಮದು. ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಆದರೆ ಅಂಕಿತ ಹಾಡಿಗೆ ಮಾತ್ರ ಸಿಗುತ್ತದೆ. ಪಾರಿಜಾತದ ಜೀವ ಇರುವುದು ಹಾಡುಗಳ ನಡುವಿನ ಮಾತಿನಲ್ಲಿ ಎಂದು ಆಗಲೇ ಹೇಳಿದೆ. ಆ ಮಾತಿಗೆ ಅಂಕಿತವಿಲ್ಲ. ಒಬ್ಬ ಭಾಮೆ ಒಂದು ರಾತ್ರಿ ಹೊಳೆದು ಆಡಿದ ಮಾತು ಚೆನ್ನಾಗಿತ್ತೆಂದರೆ ಮುಂದಿನ ಜಾತ್ರೆಯಲ್ಲಿ ಇನ್ನೊಂದು ಮೇಳದ ಭಾಮೆಯ ಬಾಯಲ್ಲಿ ಅದು ಬರುತ್ತದೆ. ಹತ್ತು ವರ್ಷ ಕಳೆದರೆ ಅದು ‘ಪಾರಿಜಾತದ ಮಾತು’ ಆಗಿಬಿಡುತ್ತದೆ. ಯಾರೋ ಒಬ್ಬಾಕೆ ಅದನ್ನು ಮೊದಲು ಆಡಿದಳು ಎಂಬುದು ಮರೆತುಹೋಗುತ್ತದೆ. ಈ ಮಾತನ್ನು ಬೆಳೆಸಿದವರಲ್ಲಿ ಎಷ್ಟೋ ಜನ ಹೆಣ್ಣುಮಕ್ಕಳು. ರಾತ್ರಿ ಅವರ ಆಟಕ್ಕೆ ಚಪ್ಪಾಳೆ ಹೊಡೆದ ಊರು ಹಗಲಿನಲ್ಲಿ ಅವರಿಗೆ ಅಷ್ಟೇ ಗೌರವ ಕೊಡುತ್ತಿರಲಿಲ್ಲ. ನಿಂಗಮ್ಮನ ಹೆಸರು ಉಳಿದದ್ದು ಅವಳ ಕೀರ್ತಿ ಅಷ್ಟು ದೊಡ್ಡದಾಗಿತ್ತು ಎಂಬ ಕಾರಣಕ್ಕೆ. ಅವಳ ಪಕ್ಕದಲ್ಲಿ ನಿಂತು ಮಾತಿಗೆ ಮಾತು ಕೊಟ್ಟವರ ಹೆಸರುಗಳನ್ನು ನಾವು ಹಾಡಿಕೊಂಡು ಬಂದಿಲ್ಲ.

ಇಲ್ಲಿಯೇ ನನ್ನ ತಕರಾರು ಇರುವುದು. ‘ಜಾನಪದ ಎಲ್ಲರದು’ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಎಲ್ಲರದು ಎಂಬ ಮಾತು ಬಹಳ ಸಲ ಯಾರದೂ ಅಲ್ಲ ಎಂಬ ಅರ್ಥಕ್ಕೆ ಜಾರಿಬಿಡುತ್ತದೆ. ಯಾರದೂ ಅಲ್ಲದ್ದಕ್ಕೆ ಹೆಸರು ಹೇಳುವ ಗೋಜಿಲ್ಲ, ಗೌರವಧನ ಕೊಡುವ ಗೋಜೂ ಇಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿ ಬಂದು ಪ್ರದರ್ಶಕರ ಹಕ್ಕು ಎಂಬುದೊಂದು ಸೇರಿತು. ನಟ, ಗಾಯಕ, ನರ್ತಕರ ಜೊತೆಗೆ ದೊಂಬರಾಟದವರನ್ನೂ ಹಾವಾಡಿಗರನ್ನೂ ಆ ಕಾಯಿದೆ ಪ್ರದರ್ಶಕರೆಂದು ಹೆಸರಿಸುತ್ತದೆ. ಅವರ ಪ್ರದರ್ಶನವನ್ನು ಅವರ ಒಪ್ಪಿಗೆ ಇಲ್ಲದೆ ಧ್ವನಿಮುದ್ರಿಸಿ ವ್ಯಾಪಾರ ಮಾಡುವಂತಿಲ್ಲ. ಪಾರಿಜಾತದ ಕಲಾವಿದೆಗೂ ಈ ಹಕ್ಕು ಇದೆ. ಜಾತ್ರೆಯಲ್ಲಿ ಮೊಬೈಲ್ ಎತ್ತಿ ಹಿಡಿದ ಎಷ್ಟು ಜನಕ್ಕೆ ಅದು ಗೊತ್ತಿರುತ್ತದೆ?

ಈಗ ಹೊಳೆಯ ದಾರಿಯಲ್ಲಿ ಸ್ವಲ್ಪ ಹಿಂದಕ್ಕೆ, ಹುಕ್ಕೇರಿ ತಾಲೂಕಿಗೆ ಹೋಗೋಣ. ಅಲ್ಲಿಯ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದವರು ಚಂದ್ರಶೇಖರ ಕಂಬಾರ. ಆಟಗಳನ್ನು ನೋಡುತ್ತ, ಹಾಡುತ್ತ ಬೆಳೆದ ಅವರು ಮುಂದೆ ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು. ಈ ಸೀಮೆಯ ಇನ್ನೊಂದು ಪ್ರಸಿದ್ಧ ಸಣ್ಣಾಟವಾದ ‘ಸಂಗ್ಯಾ ಬಾಳ್ಯಾ’ವನ್ನು ಆಧುನಿಕ ರಂಗಭೂಮಿಗೆ ತಂದರು. ‘ಜೋಕುಮಾರಸ್ವಾಮಿ’ಯಲ್ಲಿ ಬಯಲಾಟದ ಸೂತ್ರಧಾರನನ್ನೂ ಮೇಳವನ್ನೂ ಹಾಗೆಯೇ ಎತ್ತಿಕೊಂಡು ಜಮೀನಿನ ಒಡೆತನದ ಕಥೆ ಹೇಳಿದರು. ಉಳುವವನದೇ ಹೊಲವೋ, ಕಾಗದ ಇದ್ದವನದೋ ಎಂಬುದು ಆ ನಾಟಕದ ಜಗಳ. ಆಟದ ಒಡೆತನ ಕೇಳುತ್ತಿರುವ ನಮಗೆ ಆ ಪ್ರಶ್ನೆ ದೂರದ್ದೇನೂ ಅಲ್ಲ.

ಕಂಬಾರರು ನಿಯಮಗಳನ್ನು ಎಲ್ಲರ ಕಣಜದಿಂದ ತೆಗೆದುಕೊಂಡರು. ಅದಕ್ಕೆ ಪ್ರತಿಯಾಗಿ ಕನ್ನಡಕ್ಕೆ ಒಂದು ಲೋಕವನ್ನು ಕೊಟ್ಟರು: ಶಿವಾಪುರ. ‘ಕರಿಮಾಯಿ’, ‘ಸಿಂಗಾರೆವ್ವ ಮತ್ತು ಅರಮನೆ’, ‘ಶಿಖರಸೂರ್ಯ’ ಹೀಗೆ ಕಾದಂಬರಿಯಿಂದ ಕಾದಂಬರಿಗೆ, ಕಾವ್ಯದಿಂದ ನಾಟಕಕ್ಕೆ ಆ ಊರು ಹರಿದಾಡುತ್ತದೆ. ಊರಿಗೊಬ್ಬ ತಾಯಿ ಇದ್ದಾಳೆ, ಗೌಡರಿದ್ದಾರೆ, ಹಾಡುವವರಿದ್ದಾರೆ. ಕಾಲ ಬದಲಾಗುತ್ತದೆ, ಊರು ಉಳಿಯುತ್ತದೆ. ಪಾತ್ರದಾಟದವರು ಸೆಟ್ಟಿಂಗ್ ಎಂದು ಕರೆಯುವುದು ಇಂಥದ್ದನ್ನೇ: ಒಂದು ಕಥೆ ಮುಗಿದರೂ ಇನ್ನೊಂದಕ್ಕೆ ಜಾಗ ಉಳಿಸಿಕೊಂಡ ಊರು. ಭಾರತದ ಕಾನೂನಿನಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತ ಕಾಲಕ್ಕೆ ಮತ್ತು ಅವರ ನಂತರ 60 ವರ್ಷಗಳಿಗೆ ಇರುತ್ತದೆ. ಶಿವಾಪುರ ಎಂಬ ಹೆಸರಿನ ಊರುಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಹೆಸರು ಯಾರದೂ ಅಲ್ಲ. ಆದರೆ ಸಿಂಗಾರೆವ್ವ ಇರುವ ಶಿವಾಪುರ ಒಬ್ಬರದು, ಅದು ಹಾಗಿರುವುದು ನ್ಯಾಯ.

ಈ ಪ್ರಶ್ನೆ ನನಗೆ ಬರೀ ಓದಿನದಾಗಿ ಉಳಿಯಲಿಲ್ಲ. ಕಳೆದ ಬೇಸಗೆಯಲ್ಲಿ ನಾವು ನಾಲ್ಕು ಜನ ಗೆಳೆಯರು ಕನ್ನಡದಲ್ಲೇ ಆಡಬಹುದಾದ ಸಣ್ಣದೊಂದು ಪಾತ್ರದಾಟ ಬರೆಯಲು ಕೂತೆವು. ಡ್ರ್ಯಾಗನ್, ಗುಹೆ, ಕೋಟೆ ನಮಗೆ ಬೇಡವಾಗಿತ್ತು. ಪಾರಿಜಾತದ ಕಟ್ಟನ್ನೇ ತೆಗೆದುಕೊಂಡೆವು. ಒಬ್ಬರು ಭಾಗವತ. ಐದು ಘಟ್ಟಗಳು ಮೊದಲೇ ನಿಶ್ಚಿತ, ಪ್ರತಿ ಘಟ್ಟಕ್ಕೂ ಒಂದು ಹಾಡು ಅಥವಾ ಗಾದೆ. ಘಟ್ಟಗಳ ನಡುವೆ ಮಾತು ಬಯಲು. ದೂತಿಯ ಪಾತ್ರ ಸರದಿಯ ಮೇಲೆ ಎಲ್ಲರಿಗೂ ಬರುತ್ತದೆ. ದೂತಿಯಾದವರು ಯಾರಿಗೆ ಬೇಕಾದರೂ ಅಡ್ಡ ಪ್ರಶ್ನೆ ಹಾಕಬಹುದು, ಕೇಳಿಸಿಕೊಂಡವರು ಪಾತ್ರ ಬಿಡದೆ ಉತ್ತರಿಸಬೇಕು. ಉತ್ತರ ಹೊಳೆಯದಿದ್ದರೆ ನಾಲ್ಕು ಕವಡೆ ಹಾಕಬೇಕು; ಎಷ್ಟು ಕವಡೆ ಅಂಗಾತ ಬಿದ್ದವು ಎನ್ನುವುದರ ಮೇಲೆ ಕಥೆ ಯಾರ ಕಡೆ ವಾಲುತ್ತದೆ ಎಂದು ತೀರ್ಮಾನ. ಎಲ್ಲ ಸೇರಿ ನಾಲ್ಕು ಪುಟ.

ಊರು ಯಾವುದಿರಲಿ ಎಂದಾಗ ಒಬ್ಬ ಗೆಳತಿ ತಕ್ಷಣ ಶಿವಾಪುರ ಎಂದಳು. ಎಲ್ಲರಿಗೂ ಆಸೆಯಾಯಿತು. ಆ ಊರಿನ ಬೀದಿಗಳು ನಮಗೆ ಬಾಯಿಪಾಠವಾಗಿದ್ದವು. ಸ್ವಲ್ಪ ಹೊತ್ತು ಚರ್ಚೆ ನಡೆದು ನಾವು ಬೇಡ ಎಂದು ತೀರ್ಮಾನಿಸಿದೆವು. ಕಾನೂನಿಗೆ ಹೆದರಿಯೇ ಅಂತಲ್ಲ. ಬೇರೆಯವರು ಕಟ್ಟಿದ ಮನೆಯಲ್ಲಿ ಆಡಿದರೆ ನಮ್ಮ ಮನೆ ನಾವು ಕಟ್ಟುವುದಿಲ್ಲ ಎಂದು ಆ ಗೆಳತಿಯೇ ಆಮೇಲೆ ಹೇಳಿದಳು. ಹೊಳೆಯ ದಂಡೆಯ ಮೇಲೆ ಒಂದು ಹೊಸ ಊರನ್ನು ಕಲ್ಪಿಸಿಕೊಂಡೆವು. ಅದಕ್ಕೊಂದು ಸಂತೆ, ಒಂದು ಗುಡಿ, ಒಂದು ದರ್ಗಾ, ನೀರಿನ ಪಾಳಿಯ ವಿಷಯದಲ್ಲಿ ಒಂದು ಹಳೆಯ ಜಗಳ. ಆ ಊರನ್ನು ಯಾರು ಬೇಕಾದರೂ ಬಳಸಲಿ ಎಂದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನ ಅಡಿಯಲ್ಲಿ ಬಿಟ್ಟೆವು.

ಲೈಸೆನ್ಸಿನ ಸಾಲು ಬರೆಯುವಾಗ ಕೈ ನಿಂತಿತು. ಬಳಸುವವರು ನಮ್ಮ ಹೆಸರು ಹೇಳಬೇಕು ಎಂದು ಅದು ಹೇಳುತ್ತದೆ. ಹಾಗಾದರೆ ನಾವು ಯಾರ ಹೆಸರು ಹೇಳಬೇಕು? ಕಾನೂನಿನ ಪ್ರಕಾರ ಯಾರದೂ ಹೇಳಬೇಕಿಲ್ಲ. ನಾವು ತೆಗೆದುಕೊಂಡದ್ದು ನಿಯಮ, ನಿಯಮಕ್ಕೆ ಒಡೆಯರಿಲ್ಲ. ಆದರೂ ಮೊದಲ ಪುಟದಲ್ಲಿ ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಎಂದು ಬರೆದೆವು. ಅದರ ಕೆಳಗೆ ಇನ್ನೊಂದು ನಿಯಮ ಸೇರಿಸಿದೆವು: ಆಟ ಮುಗಿದ ಮೇಲೆ ಆ ದಿನ ಎಲ್ಲರಿಗೂ ಹಿಡಿಸಿದ ಮಾತು ಯಾವುದು ಎಂದು ಆರಿಸಬೇಕು, ಅದನ್ನು ಆಡಿದವರ ಹೆಸರಿನೊಂದಿಗೆ ಹಾಳೆಯ ಹಿಂಬದಿಯಲ್ಲಿ ಬರೆಯಬೇಕು. ಮುಂದಿನ ಸಲ ಯಾರಾದರೂ ಆ ಮಾತನ್ನು ಬಳಸಿದರೆ ಮೊದಲು ಆ ಹೆಸರು ಹೇಳಬೇಕು. ನಾವು ಸೇರಿಸಿದ ನಿಯಮಗಳಲ್ಲಿ ನನಗೆ ಮುಖ್ಯ ಎನಿಸುವುದು ಇದೊಂದೇ.

ಪಾರಿಜಾತದ ಕಥೆಗೆ ನಮ್ಮ ಕಡೆ ಹೇಳುವ ಒಂದು ಬಾಲವಿದೆ. ಕೃಷ್ಣ ಇಂದ್ರನ ತೋಟದಿಂದ ಗಿಡವನ್ನೇ ಕಿತ್ತು ತಂದು ಸತ್ಯಭಾಮೆಯ ಅಂಗಳದಲ್ಲಿ ನೆಟ್ಟನಂತೆ, ಆದರೆ ಹೂವು ಉದುರಿದ್ದು ರುಕ್ಮಿಣಿಯ ಅಂಗಳದಲ್ಲಂತೆ. ಇದನ್ನು ಸಾಮಾನ್ಯವಾಗಿ ಭಾಮೆಯ ಗರ್ವಭಂಗದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಮುಕ್ತ ಆಟಗಳ ಕಥೆಯಾಗಿಯೂ ಕೇಳಿಸುತ್ತದೆ. ಹೂವು ಆಚೆ ಬೀಳುವುದನ್ನು ಬೇಲಿ ತಡೆಯಲಾರದು, ತಡೆಯಲೂ ಬಾರದು. ಆದರೆ ಹೂವು ಆಯುವವರು ಗಿಡಕ್ಕೆ ನೀರು ಹಾಕಿದವರು ಯಾರು ಎಂದು ಒಮ್ಮೆ ಕೇಳಬೇಕು.

ಮುಂದಿನ ಜಾತ್ರೆಯ ಹಂಗಾಮಿನಲ್ಲಿ ನೀವು ಮೂಡಲಗಿಯ ಕಡೆಗೋ ಗೋಕಾಕದ ಕಡೆಗೋ ಹೋದರೆ, ಪಾರಿಜಾತ ನೋಡುವ ಯೋಗ ಸಿಕ್ಕರೆ, ಬೆಳಗಿನ ಜಾವ ಆಟ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ. ಭಾಮೆಯ ಪಾತ್ರ ಮಾಡಿದವರ ಹೆಸರೇನು, ದೂತಿಯ ಮಾತನ್ನು ಅವರು ಯಾರಿಂದ ಕಲಿತರು ಎಂದು ಕೇಳಿ ಬರೆದುಕೊಳ್ಳಿ. ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ್ದರೆ ಆ ಹೆಸರನ್ನು ಅದರ ಜೊತೆಗೇ ಇಡಿ.